ವಾಪಸ್ ಹಾಕಿದ ವಾಗ್ದಾನದ ಚೀಟಿ

ಬೆಟಗೇರಿ, ಎರಡನೇ ದಿಬ್ಬ
ಕ್ರಿ.ಶ. 2419, ಹದಿನಾಲ್ಕನೇ ತಿಂಗಳು, ತಾರೀಕು ಇಪ್ಪತ್ತಾರು

ಪೂಜ್ಯ ಪ್ರಿಸ್ಕಿಲ್ಲಜ್ಜಿಯವರಿಗೆ, ನಿಮ್ಮ ಹದಿನಾಲ್ಕನೇ ತಲೆಮಾರಿನ ಮೊಮ್ಮಗಳು ದೊರ್ಕಾಳ ವಂದನೆಗಳು.

ತಾರೀಕು ನೋಡಿ ಹುಬ್ಬೇರಿಸಬೇಡಿ. ತಿಂಗಳುಗಳನ್ನು ನಾವು ಹೊಸದಾಗಿ ಹಂಚಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಒರಟಾಗಿ ಕೇಳಿಸಿದರೆ ಮಾತ್ರ ಕ್ಷಮೆ ಕೇಳುವುದಿಲ್ಲ, ಬೇಕೆಂತಲೇ ಹಾಗೆ ಬರೆದಿದ್ದೇನೆ.

ನಿಮ್ಮ ಕಾಲದ ಪವಿತ್ರ ಗ್ರಂಥ ನಮಗೆ ಸಿಕ್ಕಿಲ್ಲ. ಫೋನಿನೊಳಗಿದ್ದದ್ದು ಫೋನಿನೊಂದಿಗೇ ಹೋಯಿತು. ಷೋಕೇಸಿನಲ್ಲಿ ಹೊದಿಕೆಯ ಜಿಪ್ ಎಳೆದು ಇಟ್ಟಿದ್ದಿರಲ್ಲ, ಅದು ಗೆದ್ದಲಿನ ಪಾಲಾಯಿತು. ನಿಮ್ಮ ಮನೆಯಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಿದ್ದು ಗೆದ್ದಲೊಂದೇ. ಉಳಿದದ್ದು ಯಾವುದು ಗೊತ್ತೇ? ಹೊಸ ವರ್ಷದ ಆರಾಧನೆಯಲ್ಲಿ ನೀವೆಲ್ಲ ಡಬ್ಬಿಗೆ ಕೈಹಾಕಿ ಎತ್ತುತ್ತಿದ್ದ, ಆ ಗ್ರಂಥದ ಒಂದೊಂದೇ ವಚನವಿದ್ದ ವಾಗ್ದಾನದ ಚೀಟಿಗಳು. ಲ್ಯಾಮಿನೇಷನ್ ಮಾಡಿಸಿದ್ದಿರಿ, ನೋಡಿ. ಊರೂರಿನ ಹಾಳುಗಳನ್ನು ಅಗೆದು ಒಟ್ಟುಮಾಡಿದ ನಾನೂರ ಹನ್ನೆರಡು ಚೀಟಿಗಳೇ ಇಂದು ನಮ್ಮ ವೇದ. ಅದಕ್ಕೆ ‘ಉಳಿಕೆ’ ಎನ್ನುತ್ತೇವೆ.

ಪ್ರತಿ ಭಾನುವಾರ ಉಳಿಕೆಯನ್ನು ಓದುತ್ತೇವೆ. ಅದರಲ್ಲಿ ದೇವರು ಕೊಡುತ್ತಲೇ ಇರುತ್ತಾನೆ, ಕಾಯುತ್ತಲೇ ಇರುತ್ತಾನೆ. ಒಂದು ಚೀಟಿಯಲ್ಲೂ ಏನನ್ನೂ ಕೇಳುವುದಿಲ್ಲ. ಕ್ರಿಸ್ತನು ಇಷ್ಟೇ ಹೇಳಿದ್ದರೆ ಆತನನ್ನು ಶಿಲುಬೆಗೆ ಯಾಕೆ ಏರಿಸಿದರು ಎಂದು ನಮ್ಮ ಮಕ್ಕಳು ಕೇಳಿದರೆ ಸಭಾಪಾಲಕರು ಕೆಮ್ಮುತ್ತಾರೆ. ಅಬ್ಬಾ, ಎಂಥ ಭಕ್ತಿ ನಿಮ್ಮದು! ಸಿಹಿಯನ್ನಷ್ಟೇ ಆರಿಸಿಕೊಂಡು ಊಟ ಬಿಟ್ಟೆದ್ದ ಮಕ್ಕಳ ಹಾಗೆ.

ಹೋದ ವಾರ ನಿಮ್ಮದೇ ಚೀಟಿ ನನ್ನ ಕೈಗೆ ಬಂತು. ಮುಂದೆ ಎಂದಿನ ಆಶೀರ್ವಾದ. ಹಿಂದೆ ಬಾಲ್‌ಪೆನ್ನಿನಲ್ಲಿ ನಿಮ್ಮ ಹೆಸರು, ನಿಮ್ಮ ಅಕ್ಷರ: ‘ಮೊದಲು ಬಂದ ಚೀಟಿ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮುನಿಸಿಕೊಂಡವರ ಹತ್ತಿರ ಹೋಗು ಎಂದಿತು, ರೂತಳ ಮುಖ ನೆನಪಾಯಿತು, ವಾಪಸ್ ಹಾಕಿ ಇದನ್ನು ಎತ್ತಿದೆ, ದೇವರಿಗೆ ಸ್ತೋತ್ರ.’ ಡಬ್ಬಿಯಲ್ಲಿ ಅಂಥವೂ ಇದ್ದವು, ನೀವೆಲ್ಲ ವಾಪಸ್ ಹಾಕಿದಿರಿ ಎಂದು ಈಗ ತಿಳಿಯಿತು. ರೂತ ನಿಮ್ಮ ಒಡಹುಟ್ಟಿದ ತಂಗಿ ಎಂದು ನಮ್ಮ ವಂಶಾವಳಿಯಲ್ಲಿದೆ. ತಂಗಿಯ ಮನೆಗೆ ಹೋಗುವುದು ತಪ್ಪಿತೆಂದು ದೇವರಿಗೆ ಸ್ತೋತ್ರವೇ? ನಾಚಿಕೆಯಾಗಲಿಲ್ಲವೇ ಅಜ್ಜಿ?

ನನಗೂ ಒಬ್ಬ ತಂಗಿ ಇದ್ದಾಳೆ, ಎಸ್ತೇರ್. ಗಾಳಿಯಿಂದ ನೀರು ಹಿಂಡುವ ಬಲೆಗೆ ನಾವು ಮಂಜುಬಾವಿ ಎನ್ನುತ್ತೇವೆ; ಅದರ ಸರದಿಗೆ ಜಗಳವಾಡಿ ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ. ಈಗ ಅವಳು ಹಾಸಿಗೆ ಹಿಡಿದಿದ್ದಾಳೆ, ವೈದ್ಯರು ಕೈಚೆಲ್ಲಿದ್ದಾರೆ. ಅವಳೇ ಕರೆಯಲಿ ಎಂದು ನಾನು, ಅಕ್ಕನೇ ಬರಲಿ ಎಂದು ಅವಳು. ಯಾರು ಮೊದಲು ಹೋಗಬೇಕೆಂದು ಉಳಿಕೆಯಲ್ಲಿ ಎಲ್ಲೂ ಇಲ್ಲ. ಇದ್ದದ್ದು ನಿಮ್ಮ ಚೀಟಿಯ ಬೆನ್ನ ಮೇಲೆ. ಓದಿದೆ. ಓದಿ ಏನು ಮಾಡಿದೆ ಗೊತ್ತೇ? ಚೀಟಿಯನ್ನು ಮಗುಚಿ ಮುಂದಿನ ಆಶೀರ್ವಾದ ಓದಿಕೊಂಡೆ. ಏಳು ದಿನ ಅದನ್ನೇ ಮಾಡಿದೆ. ನಿಮ್ಮ ರಕ್ತ ಎಲ್ಲಿ ಹೋಗುತ್ತದೆ!

ನಿಮ್ಮ ಕಾಲದಲ್ಲಿ ರೂತ ಇನ್ನೂ ಇದ್ದಾಳೆ. ಈ ಪತ್ರಕ್ಕೂ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ತೂಗುಹಾಕಬೇಡಿ. ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಹೆಚ್ಚು ಬರೆಯಲು ನನಗೂ ಪುರಸೊತ್ತಿಲ್ಲ. ಎಸ್ತೇರಳ ಮನೆ ಮೂರನೇ ಸಾಲಿನಲ್ಲಿದೆ, ಅವಳಿಗೆ ಉಸಿರಿರುವಾಗಲೇ ಮುಟ್ಟಬೇಕು.

ದೊರ್ಕಾ