ಕೊಡ್ಬಲ್ ಎಂಬ ರಷ್ಯನ್

19 ಸೆಪ್ಟೆಂಬರ್ 1991, ಗುರುವಾರ. ಮುಲುಂಡ್.

ನನ್ನ ಗೈಡ್ ಕರಂದೀಕರ್ ಸರ್ ಇವತ್ತು ಫೋರ್ಟಿನ ಸೆಮಿನಾರಿನಲ್ಲಿ ನನ್ನ ಪಿಎಚ್‌ಡಿ ಕೆಲಸವನ್ನು ತಮ್ಮದೆಂದೇ ಹೇಳಿಕೊಂಡರು. ನನ್ನ ಹೆಸರು ಒಂದು ಸಲವೂ ಬರಲಿಲ್ಲ.

ಹೃದಯದ ಸ್ನಾಯುವಿನಲ್ಲಿ ವಿದ್ಯುತ್ತಿನ ಅಲೆ ಚಕ್ಕುಲಿಯಂತೆ ಸುತ್ತಿ ಚೂರುಚೂರಾದರೆ ಹೃದಯ ಬಡಿಯುವುದಿಲ್ಲ, ಬರೀ ನಡುಗುತ್ತದೆ. ತುದಿ ಬಿಚ್ಚಿಕೊಂಡಿರುವವರೆಗೂ ಆ ಸುತ್ತಾಟ ನಿಲ್ಲುವುದಿಲ್ಲ. ಸಣ್ಣಗೆ ಕರೆಂಟು ಕೊಟ್ಟು ತುದಿಗಳನ್ನು ಕೂಡಿಸಿದರೆ ಅಲೆ ಬಳೆಯಾಗುತ್ತದೆ, ಹಿಗ್ಗಿ ಅಂಚಿಗೆ ಹೋಗಿ ತಾನೇ ಸಾಯುತ್ತದೆ. ಕಂಪ್ಯೂಟರಿನಲ್ಲಿ ಇದನ್ನು ಮಾಡುವ ಪ್ರೋಗ್ರಾಮಿಗೆ ನಾನು ಕೋಡುಬಳೆ ಎಂದು ಹೆಸರಿಟ್ಟಿದ್ದೆ. ಹೆಸರಿಗೆ ಆರು ಇಂಗ್ಲಿಷ್ ಅಕ್ಷರ ಮಾತ್ರ ಹಿಡಿಯುತ್ತಿದ್ದುದರಿಂದ ಅದು KODBLE, ಕೋಡ್ಬ್ಲೆ ಆಯಿತು.

ಪುಣ್ಯಾತ್ಮ ಆ ಹೆಸರನ್ನೂ ಬದಲಿಸದೆ ಪರದೆಯ ಮೇಲೆ ತೋರಿಸಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಇದೇನೆಂದು ಕೇಳಿದರು.

“ಕೊಡ್ಬಲ್ ಮೆಥಡ್. ರಷ್ಯನ್ ಸೈಂಟಿಸ್ಟ್,” ಎಂದರು ಸರ್, ಕಣ್ಣು ಮಿಟುಕಿಸದೆ. ಎಲ್ಲರೂ ಬರೆದುಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಮನೆಗೆ ಬಂದವಳೇ ಕೋಡುಬಳೆಗೆ ಅಕ್ಕಿಹಿಟ್ಟು ಕಲಸಿದೆ.

“ಯಾವ ಹಬ್ಬ ಅಂತ ಈಗ ಎಣ್ಣೆ ಇಟ್ಟಿದ್ದೀಯೇ?” ಅಮ್ಮ ಕೇಳಿದಳು.

“ನಮ್ಮ ಸರ್‌ಗೆ ಕಣಮ್ಮ.”

“ಹಾಗಾದ್ರೆ ಖಾರ ಕಮ್ಮಿ ಹಾಕು, ಪಾಪ.”

ಎರಡು ಚಮಚ ಹೆಚ್ಚೇ ಹಾಕಿದೆ.

ಡಬ್ಬಿ ತುಂಬಿದೆ. ಸೆಮಿನಾರ್ ನಾಳೆಯೂ ಇದೆ, ಅದೇ ಜನ. ಟೀ ಹೊತ್ತಿಗೆ ಎಲ್ಲರ ಎದುರು ಮೊದಲು ಸರ್ ಕೈಗೇ ಒಂದು ಕೊಡುತ್ತೇನೆ. ನಾನಾಗಿ ಏನೂ ಹೇಳುವುದಿಲ್ಲ. ಆ ಹಿರಿಯರು ಒಂದು ಕಡಿದು, ಇದರ ಹೆಸರೇನಮ್ಮ ಎಂದು ಕೇಳಿದರೆ ಸಾಕು.