ತಲುಪುವವರೆಗೆ ಗುಡಿಸಬಾರದು

ಅಮ್ಮಾ,

ನಿನ್ನ ಶಾಸ್ತ್ರಗಳ ಕಾಟ ನನಗಿನ್ನೂ ತಪ್ಪಿಲ್ಲ. ಇವತ್ತು ಮಗಳು ಆಶ್ರಿತಾಳನ್ನು ಯೂನಿವರ್ಸಿಟಿಗೆಂದು ಲೀಡ್ಸ್ ಬಸ್ಸು ಹತ್ತಿಸಿ ಸೊಲಿಹಲ್‌ನ ಮನೆಗೆ ವಾಪಸು ಬಂದರೆ, ನಿನ್ನ ಅಳಿಯ ಆಗಲೇ ಹಾಲ್‌ನಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿದು ನಿಂತಿದ್ದರು. ಹೋಗಿ ಪ್ಲಗ್ ಕಿತ್ತೆ.

"ಮಗು ಇನ್ನೂ ದಾರೀಲಿದೆ. ಈಗಲೇ ಗುಡಿಸ್ತಾರಾ?"

"ಅಲ್ಲ ಕಣೇ, ನೀನು ಡಾಕ್ಟರು!" ಎಂದು ನಕ್ಕರು. ಮೈಯೆಲ್ಲ ಉರಿದುಹೋಯಿತು.

ಹೋದವರು ತಲುಪುವ ಮೊದಲೇ ಗುಡಿಸಿದರೆ ಏನಾಗುತ್ತದೆ ಎಂದು ಕೇಳಿದಾಗಲೆಲ್ಲ, "ಗುಡಿಸಬಾರದು, ಅಷ್ಟೇ" ಎಂದೆಯೇ ಹೊರತು ಕಾರಣ ಹೇಳಲಿಲ್ಲ. ಪ್ರತಿ ಸಲ ಇಲ್ಲಿಂದ ಹೊರಟು ಬೆಂಗಳೂರಲ್ಲಿ ಇಳಿದ ಕೂಡಲೇ ನೀನೇ ಫೋನ್ ಮಾಡುತ್ತಿದ್ದೆ: "ತಲುಪಿದೆ ಕಣೇ, ಇನ್ನು ಗುಡಿಸ್ಕೋ." ಅಲ್ಲಿಯವರೆಗೆ ನಾನು ಕಸದ ಮಧ್ಯೆ ಕೂತಿರಬೇಕಿತ್ತು.

ಸಂಜೆ ಆಶ್ರಿತಾಳ ಮೆಸೇಜ್ ಬಂತು: ರೀಚ್ಡ್. ಅವರು ಹಾಲ್ ಮುಗಿಸಿ, ಮೆಟ್ಟಿಲು ಮುಗಿಸಿ, ನಿನ್ನ ಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು.

"ಅತ್ತೆ ಹೋಗಿ ಆರು ತಿಂಗಳಾಯ್ತು. ಇಲ್ಲೂ ಒಂದ್ಸಲ ಗುಡಿಸಿಬಿಡಲಾ?"

ಮತ್ತೆ ರೇಗಿದೆ. ನೀನು ಕಣ್ಣು ಮುಚ್ಚಿದ್ದು ಆ ಮಂಚದ ಮೇಲೆಯೇ. ಧೂಳು ಕೂತಿದೆ, ನನಗೂ ಕಾಣುತ್ತದೆ. ಆದರೆ ತಲುಪಿದೆ ಅಂತ ನೀನಿನ್ನೂ ಹೇಳಿಲ್ಲವಲ್ಲ, ಅಮ್ಮಾ.