ಕಮಾನಿನ ಕೆಳಗೆ

ಕಟ್ಟಡದ ಹಿಂಬದಿಯ ಕೋಣೆ
ಭಾನುವಾರ, ಮಾರ್ಚ್ ೧೦

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದ ದಿನವೇ ಬಟ್ಟೆ ಒಣಗಿಸಲು ಮಹಡಿಗೆ ಹೋದವಳು ನೀನು, ಅದಕ್ಕೇ ಮೊದಲು ಕೇಳುತ್ತಿದ್ದೇನೆ. ಭಾವ ಹುಷಾರಾಗಿದ್ದಾರಾ? ಪುಟ್ಟಿಗೆ ಮುಂದಿನ ಹಲ್ಲು ಬಂತಾ? ನಾನು ಚೆನ್ನಾಗಿದ್ದೇನೆ. ಅಂಗೈ ಮಾತ್ರ ಗಾರೆಗೆ ಸಿಕ್ಕಿ ಒರಟಾಗಿದೆ. ನೀನು ನೋಡಿದರೆ ಎಣ್ಣೆ ಹಚ್ಚಲು ಕೂತುಬಿಡುತ್ತೀಯ.

ಗಾರೆ ಕೆಲಸ ಕಲಿಯುತ್ತೇನೆ ಅಂತ ಹೊರಟಾಗ ಭಾವ ನಕ್ಕಿದ್ದರಲ್ಲ, ನಗದೆ ಇನ್ನೇನು ಮಾಡುತ್ತಾರೆ! ಹೊಲಿಗೆ ಕಲಿಯಲು ಹೋಗಿ ಒಂದೇ ತೋಳಿನ ಅಂಗಿ ಬಿಟ್ಟುಬಂದವನು, ಡ್ರೈವಿಂಗ್ ಕಲಿಯಲು ಹೋಗಿ ರಿವರ್ಸ್ ಬರುವ ಮೊದಲೇ ಮನೆಗೆ ಬಂದವನು ನಾನು. ಅವರಿಟ್ಟ 'ಅರೆಬರೆ' ಅನ್ನುವ ಹೆಸರು ಬೀದಿಗೆಲ್ಲ ಗೊತ್ತು. "ವರ್ಷ ತಿರುಗೋದ್ರೊಳಗೆ ವಾಪಸ್ ಬರ್ತಾನೆ, ನಮ್ಮ ಅಂಗಡೀಲಿ ಅವನ ಕುರ್ಚಿ ಹಾಗೇ ಇರಲಿ" ಅಂದರು. ನೀನು ಮಾತ್ರ ಬಸ್ಸು ಹೊರಡುವಾಗ "ಇದೊಂದನ್ನಾದ್ರೂ ಮುಗಿಸೋ" ಅಂದೆ. ಭಾವನ ನಗುವಿಗಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು ಅಕ್ಕಾ.

ನಮ್ಮ ಮೇಸ್ತ್ರಿಯನ್ನು ಎಲ್ಲರೂ ಗುಂಡು ಮೇಸ್ತ್ರಿ ಅನ್ನುತ್ತಾರೆ. ಆಳು ಕಡ್ಡಿಯಂತಿದ್ದಾರೆ, ಗೋಡೆ ನೆಟ್ಟಗಿದೆಯಾ ಎಂದು ದಾರ ಕಟ್ಟಿ ಇಳಿಬಿಟ್ಟು ನೋಡುವ ತೂಕದ ಗುಂಡು ಸದಾ ಜೇಬಿನಲ್ಲಿರುವುದರಿಂದ ಆ ಹೆಸರು. ಮೊದಮೊದಲು ಗಾರೆ ಮೆತ್ತುವ ಕರಣೆ ಮುಟ್ಟಲೂ ಬಿಡದೆ ಬರೀ ಗಾರೆ ಕಲಸಲು ಹಚ್ಚಿದರು. ಆಮೇಲೆ ಒಂದು ಸಣ್ಣ ಗೋಡೆ ಕಟ್ಟು ಅಂದರು. ನನ್ನ ಆತುರ ನಿನಗೆ ಗೊತ್ತಲ್ಲ, ಇಟ್ಟಿಗೆ ನೆನೆಸದೆ ಒಣಗಿದ್ದನ್ನೇ ಇಟ್ಟು ಕಟ್ಟಿಬಿಟ್ಟೆ. ಮರುದಿನ ಮೇಸ್ತ್ರಿ ಎರಡು ಬೆರಳಲ್ಲಿ ಒಂದನ್ನು ಹಿಡಿದೆಳೆದರೆ ಡಬ್ಬಿಯಿಂದ ಬಿಸ್ಕತ್ತು ತೆಗೆದ ಹಾಗೆ ಬಂತು! "ಬಾಯಾರಿದ ಇಟ್ಟಿಗೆ ಗಾರೇಲಿರೋ ನೀರನ್ನೆಲ್ಲ ಕುಡಿದುಬಿಡುತ್ತಪ್ಪಾ, ಆಮೇಲೆ ಗಾರೆ ಹೇಗೆ ಹಿಡ್ಕೊಳ್ಳುತ್ತೆ?" ಅಂದು ಗೋಡೆ ಪೂರ್ತಿ ಬಿಚ್ಚಿಸಿದರು. ಅವತ್ತು ಸಂಜೆ ನಾನು ಚೀಲ ಕಟ್ಟಿದ್ದೆ. ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತು, ಚೀಲವನ್ನು ಕಂಡೂ ಕಾಣದವರಂತೆ, "ನಾಳೆ ಕಮಾನು ಶುರು ಮಾಡೋಣ, ಇಟ್ಟಿಗೆ ನೆನೆಸಿಡು" ಅಂದು ಹೋದರು. ಬೈದಿದ್ದರೆ ಹೊರಟೇಬಿಡುತ್ತಿದ್ದೆ. ಸುಮ್ಮನೆ ಹೋಗಿ ಇಟ್ಟಿಗೆ ನೆನೆಸಿದೆ.

ಕಮಾನು ನಾವು ಕಟ್ಟುತ್ತಿರುವ ಈ ಕಟ್ಟಡದ ಮುಂಬಾಗಿಲಿನದು. ಮರದ ಅಚ್ಚು ನಿಲ್ಲಿಸಿ, ಅದರ ಬೆನ್ನ ಮೇಲೆ ಎರಡೂ ಕಡೆಯಿಂದ ಇಟ್ಟಿಗೆ ಇಡುತ್ತಾ ಬಂದೆವು. ನೆತ್ತಿಯ ಕೊನೆಯ ಇಟ್ಟಿಗೆಯನ್ನು ಮೇಸ್ತ್ರಿ ನನ್ನ ಕೈಯಲ್ಲೇ ಇಡಿಸಿದರು, ನಾನೂ ಉಬ್ಬಿಹೋದೆ. ಗಾರೆ ಗಟ್ಟಿಯಾಗಿ ನಿನ್ನೆ ಅಚ್ಚು ಇಳಿಸುವ ದಿನ ಬಂತು. ಆಗಲೇ ಗೊತ್ತಾಗಿದ್ದು ಇವರ ಪದ್ಧತಿ: ಕೊನೆಯ ಇಟ್ಟಿಗೆ ಇಟ್ಟವನು ಅಚ್ಚು ಇಳಿಸುವಾಗ ಕಮಾನಿನ ಕೆಳಗೇ ನಿಲ್ಲಬೇಕಂತೆ! ಎಲ್ಲ ಇಟ್ಟಿಗೆಯನ್ನೂ ಸರಿಯಾಗಿ ನೆನೆಸಿದ್ದೆನಾ? "ಬೇಡ ಅನ್ಸಿದ್ರೆ ಹೇಳು, ನಾನೇ ನಿಲ್ತೀನಿ" ಅಂದರು ಮೇಸ್ತ್ರಿ. 'ಸರಿ, ನೀವೇ ನಿಲ್ಲಿ' ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಬಸ್ಸಿನ ಹತ್ತಿರ ನೀನಂದದ್ದು ನೆನಪಾಗಿ, ಹೋಗಿ ನಿಂತೆ.

ಅಚ್ಚಿನ ಕಾಲಡಿಯ ಬೆಣೆಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಸಡಿಲಿಸಿದರು. ತಲೆಯ ಮೇಲೆ ಚಿಟ್ ಅಂತ ಸದ್ದಾಗಿ, ಚೂರು ಮರಳು ಕೂದಲ ಮೇಲೆ ಉದುರಿತು. ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಅಚ್ಚು ಇಳಿದಿದೆ, ಕಮಾನು ಇಳಿದಿಲ್ಲ. ಮರಕ್ಕೂ ಇಟ್ಟಿಗೆಗೂ ನಡುವೆ ಒಂದು ಗೆರೆ ಬೆಳಕು! ಅಕ್ಕಾ, ಹೇಗೆ ಹೇಳಲಿ, ಅಷ್ಟೊಂದು ಭಾರ, ಕೆಳಗೆ ಆನಿಕೆ ಅಂತ ಏನೂ ಇಲ್ಲ. ಒಂದೊಂದು ಇಟ್ಟಿಗೆಯೂ ಬೀಳಲು ನೋಡುತ್ತದೆ, ಪಕ್ಕದ್ದು ಬಿಡುವುದಿಲ್ಲ. ಬೀಳಬೇಕೆನ್ನುವ ಆ ಭಾರವೇ ಎಲ್ಲವನ್ನೂ ಹಿಡಿದು ನಿಲ್ಲಿಸಿದೆ. ಪಕ್ಕಕ್ಕೆ ತಿರುಗಿದರೆ ಮೇಸ್ತ್ರಿಯೂ ನನ್ನ ಜೊತೆಗೇ ನಿಂತಿದ್ದಾರೆ, ಯಾವಾಗ ಬಂದರೋ! ಮಗುವಿನಂತೆ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದಾರೆ. "ಎಷ್ಟು ಸಲ ನೋಡಿದ್ರೂ ನಂಗೆ ಹೀಗೇ ಆಗುತ್ತೆ ಕಣಪ್ಪಾ" ಅಂದರು.

ಭಾವನಿಗೆ ನಮಸ್ಕಾರ ಹೇಳು, ಪುಟ್ಟಿಗೆ ಮುತ್ತು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ ತಮ್ಮ
('ಅರೆಬರೆ' ಅಂತ ಬರೆಯಲು ಈ ಸಲ ಕೈ ಬರಲಿಲ್ಲ)

ತಾ.ಕ.: ಅಂಗಡಿಯ ಆ ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಭಾವನಿಗೆ ಹೇಳಿಬಿಡು. ನೀನೊಮ್ಮೆ ಇಲ್ಲಿಗೆ ಬಾ ಅಕ್ಕಾ. ಈ ಬಾಗಿಲಿಗೆ ಮೆಟ್ಟಿಲಿಲ್ಲ, ನಾನು ನೋಡಿದ್ದೇನೆ. ಕಮಾನಿನ ಕೆಳಗೆ ನನ್ನ ಜೊತೆ ಸ್ವಲ್ಪ ಹೊತ್ತು ನಿಂತುಕೋ.